ಗಿಳಿ ಎತ್ತಿದ ಎರಡು ಕಾರ್ಡು ಮತ್ತು ಶ್ರಾವಕನ ವಿವೇಕ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಾಲ್ಕನೆಯದು ಅಮೂಢದೃಷ್ಟಿ. ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆ ಎಂಬ ಮೂರನ್ನೂ ತ್ಯಜಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನಿಗೆ ವಿಧಿಸಿದ್ದಾರೆ. ಈ ಪಾಠವನ್ನು ಬಾಲ್ಯದಲ್ಲಿಯೇ ಕಂಠಸ್ಥ ಮಾಡಿಕೊಂಡವರೂ ಮಗಳ ವಿವಾಹ, ಮಗನ ಉದ್ಯೋಗ, ಅಂಗಡಿಯ ಲಾಭನಷ್ಟದ ಪ್ರಶ್ನೆ ಎದುರಾದಾಗ ಕಾರ್ಡು ತೆಗೆಸಿ ನೋಡಲು ಹೊರಡುವುದುಂಟು. ಇದನ್ನು ನಿರುಪದ್ರವಿ ವಿನೋದವೆಂದು ಸುಮ್ಮನಿರುವುದು ಉಚಿತವೇ ಎಂಬುದನ್ನು ಸಮಾಜವು ನಿಷ್ಠುರವಾಗಿ ವಿಚಾರಿಸಬೇಕಾಗಿದೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಗೆ ಗಿಳಿಶಾಸ್ತ್ರ ಹೊಸದಲ್ಲ. ಸಂತೆ, ಜಾತ್ರೆ, ಬಸ್ ನಿಲ್ದಾಣಗಳ ಮಗ್ಗುಲಲ್ಲಿ ಒಂದು ಚಾಪೆ, ಒಂದು ಪುಟ್ಟ ಪಂಜರ, ದೇವರ ಚಿತ್ರಗಳುಳ್ಳ ಕಾರ್ಡುಗಳ ಸಾಲು. ನಕ್ಷತ್ರಗಳ ಲೆಕ್ಕಕ್ಕೆ ಕಾರ್ಡುಗಳು ಸಾಮಾನ್ಯವಾಗಿ 27. ಕೇಳುವವರ ಹೆಸರು ಹೇಳಿದೊಡನೆ ಗಿಳಿ ಹೊರಬಂದು, ಕೊಕ್ಕಿನಿಂದ ಒಂದು ಕಾರ್ಡನ್ನೆಳೆದು, ಒಂದು ಕಾಳು ತಿಂದು ಒಳಗೆ ಹೋಗುತ್ತದೆ. ವಿವಾಹದ ಪ್ರಶ್ನೆಯಾದರೆ ವರನ ಹೆಸರಿಗೊಂದು, ವಧುವಿನ ಹೆಸರಿಗೊಂದು ತೆಗೆಸಿ, ಎರಡನ್ನೂ ಕೂಡಿಸಿ ಫಲ ಹೇಳುವುದೂ ಉಂಟು.

ಗಿಳಿಯನ್ನು ಕಂಡು ನಗುವ ವಿದ್ಯಾವಂತರ ಪಾಲಿಗೆ ಬೇರೊಂದು ದಾರಿ ತೆರೆದಿದೆ. ಲೆನಾರ್ಮಂಡ್ ಎಂಬ ಫ್ರೆಂಚ್ ಹೆಸರಿನ 36 ಕಾರ್ಡುಗಳನ್ನು ಹರಡಿ ಭವಿಷ್ಯ ಹೇಳುವವರು ಈಗ ಮೊಬೈಲ್ ಫೋನಿನಲ್ಲಿಯೇ ಸಿಗುತ್ತಾರೆ. ಹಡಗು, ಮನೆ, ಹಾವು, ಶವಪೆಟ್ಟಿಗೆ, ಉಂಗುರ, ಲಂಗರು ಮೊದಲಾದ ಚಿತ್ರಗಳು ಅವುಗಳಲ್ಲಿವೆ. ಇಲ್ಲಿಯೂ ಎರಡು ಕಾರ್ಡುಗಳನ್ನು ಜೋಡಿಸಿ ಓದುವುದೇ ಮುಖ್ಯ ವಿದ್ಯೆ. ಮೊದಲನೆಯದು ವಿಷಯ, ಎರಡನೆಯದು ಅದರ ವಿಶೇಷಣ. ಈ ಲೆಕ್ಕದಲ್ಲಿ 36 ಕಾರ್ಡುಗಳಿಂದ 1,260 ಜೋಡಿಗಳಾಗುತ್ತವೆ. ಉಂಗುರದ ಪಕ್ಕದಲ್ಲಿ ಶವಪೆಟ್ಟಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ ಎನ್ನಬಹುದು. ಹಳೆಯ ಋಣ ತೀರಿ ಹೊಸ ಬಾಳು ಮೊದಲಾಗುತ್ತದೆ ಎಂದೂ ಅನ್ನಬಹುದು. ಮನೆಯಲ್ಲಿ ಕಾಯಿಲೆ ಇದೆ, ವಿವಾಹ ಮುಂದಕ್ಕೆ ಹೋಗುತ್ತದೆ ಎಂದರೂ ತಪ್ಪಿಲ್ಲ.

ಈ ಕಾರ್ಡುಗಳ ಚರಿತ್ರೆಯೇ ಇವುಗಳ ಯೋಗ್ಯತೆಯನ್ನು ಹೇಳುತ್ತದೆ. ಮರಿ ಆನ್ ಲೆನಾರ್ಮಂಡ್ ಪ್ಯಾರಿಸ್ಸಿನಲ್ಲಿ ಭವಿಷ್ಯ ಹೇಳುತ್ತಿದ್ದು 1843ರಲ್ಲಿ ತೀರಿಕೊಂಡ ಮಹಿಳೆ. ಆಕೆಯ ಮರಣಾನಂತರ ಮಾರಾಟಗಾರರು ಆಕೆಯ ಹೆಸರನ್ನು ಈ ಕಟ್ಟಿಗೆ ಅಂಟಿಸಿದರು. ಚಿತ್ರಗಳು ಬಂದದ್ದು ಜರ್ಮನಿಯ ನ್ಯೂರೆಂಬರ್ಗಿನ ಯೋಹಾನ್ ಕಾಸ್ಪರ್ ಹೆಕ್ಟೆಲ್ ಎಂಬವನು 1799ರ ಸುಮಾರಿಗೆ ರೂಪಿಸಿದ ‘ಆಶೆಯ ಆಟ’ದಿಂದ. ದಾಳ ಉರುಳಿಸಿ, ಸಾಲಾಗಿ ಹರಡಿದ ಕಾರ್ಡುಗಳ ಮೇಲೆ ಕಾಯಿ ನಡೆಸಿ, 35ನೆಯ ಲಂಗರನ್ನು ಮುಟ್ಟಿದವನು ಗೆಲ್ಲುವ ಮನೆಯಾಟ ಅದು; ನಮ್ಮ ಹಾವು ಏಣಿ ಆಟದ ಸೋದರ. ಹಾವು ಏಣಿಯ ಪಟವನ್ನು ಮುಂದಿಟ್ಟು ಯಾರಾದರೂ ಮಗಳ ಸಂಬಂಧವನ್ನು ನಿಶ್ಚಯಿಸುವರೇ?

ಕೃಷ್ಣರಾಜಸಾಗರದ ನೀರು 124.80 ಅಡಿಯ ಗರಿಷ್ಠ ಮಟ್ಟಕ್ಕೆ ಎಷ್ಟು ಸಮೀಪಿಸಿದೆ ಎಂದು ಮಂಡ್ಯದ ರೈತ ಪತ್ರಿಕೆಯಲ್ಲಿ ನೋಡಿಕೊಂಡೇ ಭತ್ತ, ಕಬ್ಬಿನ ಯೋಚನೆ ಮಾಡುತ್ತಾನೆ. ಅಳತೆಗೋಲು ತಪ್ಪು ಹೇಳಿದರೆ ತಪ್ಪೆಂದು ತೋರಿಸಬಹುದು. ಏನು ನಡೆದರೂ ಸರಿಯೆನಿಸಿಕೊಳ್ಳುವ ಎರಡು ಕಾರ್ಡುಗಳ ಮಾತನ್ನು ತಪ್ಪೆಂದು ತೋರಿಸಲು ದಾರಿಯೇ ಇಲ್ಲ. ಗದ್ದೆಗೆ ತೋರುವ ಈ ವಿವೇಕವನ್ನು ಮಗಳ ಬಾಳಿಗೆ ತೋರದಿರುವುದು ಎಂತಹ ನ್ಯಾಯ?

ಇದನ್ನು ಸಮರ್ಥಿಸುವವರು ಅನೇಕಾಂತದ ಹೆಸರೆತ್ತುವುದೂ ಉಂಟು. ವಸ್ತುವಿಗೆ ಅನಂತ ಧರ್ಮಗಳಿರುವಾಗ ಕಾರ್ಡಿಗೂ ಹಲವು ಅರ್ಥಗಳಿರಬಾರದೇಕೆ ಎಂಬುದು ಅವರ ವಾದ. ಸ್ಯಾದ್ವಾದಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ‘ಸ್ಯಾತ್’ ಎಂಬ ಪದವು ನುಡಿಯುವವನನ್ನು ಕಟ್ಟಿಹಾಕುತ್ತದೆ. ಯಾವ ಅಪೇಕ್ಷೆಯಿಂದ ಈ ಮಾತನ್ನು ಆಡುತ್ತಿದ್ದೇನೆ ಎಂಬುದನ್ನು ಅವನು ಮೊದಲೇ ಒಪ್ಪಿಕೊಳ್ಳಬೇಕು. ದ್ರವ್ಯದ ದೃಷ್ಟಿಯಿಂದ ನಿತ್ಯ, ಪರ್ಯಾಯದ ದೃಷ್ಟಿಯಿಂದ ಅನಿತ್ಯ ಎಂದವನು ಆ ಎಲ್ಲೆಯನ್ನು ದಾಟುವಂತಿಲ್ಲ. ಕಾರ್ಡು ಓದುವವನಾದರೋ ಎದುರಿಗಿರುವವರ ಮುಖ ನೋಡಿ ಅಪೇಕ್ಷೆಯನ್ನು ಬದಲಿಸುತ್ತಾನೆ. ಒಂದು ಶಿಸ್ತು, ಇನ್ನೊಂದು ನುಣುಚು ಮಾತು.

ಎರಡನೆಯ ವಾದ ಇನ್ನೂ ಗಂಭೀರವಾದುದು. ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂಬ ಅಷ್ಟಾಂಗ ನಿಮಿತ್ತವನ್ನು ಜೈನ ಪರಂಪರೆ ಬಲ್ಲದು. ಶ್ರುತಕೇವಲಿ ಭದ್ರಬಾಹುಸ್ವಾಮಿಗಳೇ ನಿಮಿತ್ತದಿಂದ ಹನ್ನೆರಡು ವರ್ಷದ ಕ್ಷಾಮವನ್ನು ಅರಿತರು. ಹೀಗಿರುವಾಗ ಕಾರ್ಡನ್ನೇಕೆ ನಿಂದಿಸಬೇಕು ಎನ್ನುತ್ತಾರೆ. ಪರಂಪರೆಯನ್ನು ಪೂರ್ಣವಾಗಿ ನೋಡಿದರೆ ಉತ್ತರ ಅಲ್ಲಿಯೇ ದೊರೆಯುತ್ತದೆ. ಆ ಅರಿವಿನ ಫಲವಾಗಿ ಮುನಿಸಂಘ ದಕ್ಷಿಣಕ್ಕೆ ನಡೆಯಿತು, ಕಟವಪ್ರ ಗಿರಿ ತಪೋಭೂಮಿಯಾಯಿತು. ಯಾರ ಮನೆಯ ವಿವಾಹವೂ ಅದರಿಂದ ಮುರಿಯಲಿಲ್ಲ, ಯಾರ ಕೈಯಿಂದಲೂ ದಕ್ಷಿಣೆ ಬರಲಿಲ್ಲ. ಮುನಿಯ ಆಹಾರಕ್ಕೆ ಸಂಬಂಧಿಸಿದ ಹದಿನಾರು ಉತ್ಪಾದನ ದೋಷಗಳನ್ನು ಎಣಿಸುವ ಮೂಲಾಚಾರವು ನಿಮಿತ್ತ ಹೇಳಿ ಆಹಾರ ಪಡೆಯುವುದನ್ನೂ ಅವುಗಳಲ್ಲಿ ಸೇರಿಸಿದೆ. ನಿಮಿತ್ತವನ್ನು ನಿಜವಾಗಿ ಬಲ್ಲ ಮುನಿಗೇ ಅದನ್ನು ಹೇಳಿ ಉಣ್ಣುವುದು ದೋಷವಾದರೆ, ಆಟದ ಕಾರ್ಡು ಹರಡಿ ಹಣ ಎಣಿಸುವವನನ್ನು ಶ್ರಾವಕನು ಗುರುವಿನ ಪೀಠದಲ್ಲಿ ಕುಳ್ಳಿರಿಸಬಹುದೇ?

ಕಾರ್ಡಿನ ಮಾತು ಕರ್ಮಸಿದ್ಧಾಂತವನ್ನೂ ವಿಧಿವಾದವನ್ನಾಗಿ ಕುಗ್ಗಿಸುತ್ತದೆ. ಜೈನಮತದ ಕರ್ಮವು ಹಣೆಯ ಮೇಲೆ ಕೊರೆದ ಬರಹವಲ್ಲ. ಬಂಧಕ್ಕೊಳಗಾದ ಕರ್ಮವೂ ಜೀವನ ಪರಿಣಾಮಗಳಿಗನುಸಾರವಾಗಿ ಸಂಕ್ರಮಣಗೊಳ್ಳುತ್ತದೆ, ಸ್ಥಿತಿ ಅನುಭಾಗಗಳಲ್ಲಿ ಅಪಕರ್ಷಣ ಹೊಂದುತ್ತದೆ, ತಪಸ್ಸಿನಿಂದ ನಿರ್ಜರಿಸುತ್ತದೆ. ಪುರುಷಾರ್ಥಕ್ಕೆ ಇಷ್ಟು ಅವಕಾಶವನ್ನಿತ್ತ ಧರ್ಮದ ಅನುಯಾಯಿ, ಒಂದು ಜೋಡಿ ಕಾರ್ಡಿಗೆ ಹೆದರಿ ಯೋಗ್ಯ ವರನನ್ನು ಹಿಂದಕ್ಕೆ ಕಳುಹಿಸಿದರೆ ನಷ್ಟವಾಗುವುದು ಆ ಕನ್ಯೆಗೆ. ‘ಕಾರ್ಡು ಕೂಡಲಿಲ್ಲ’ ಎಂಬ ಮಾತು ಊರಲ್ಲಿ ಹಬ್ಬಿದರೆ ಮುಂದಿನ ಸಂಬಂಧಕ್ಕೂ ಅದು ಅಡ್ಡಬರುತ್ತದೆ. ತಾನು ಮಾಡದ ತಪ್ಪಿಗೆ ಅವಳು ದಂಡ ತೆರುತ್ತಾಳೆ.

ಇನ್ನು ಗಿಳಿಯ ಮಾತು. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಗಿಳಿ ಪಂಜರದಲ್ಲಿರುವುದು ಬಂಧ. ಹಾರಿಹೋಗದಂತೆ ಅದರ ರೆಕ್ಕೆ ಕತ್ತರಿಸುವುದು ಛೇದ. ಕಾಳಿನ ಆಸೆಗೆ ಕಾರ್ಡು ಎಳೆಯಲೆಂದು ಹಸಿವಿನಲ್ಲಿರಿಸಿದರೆ ಅದು ಅನ್ನಪಾನನಿರೋಧ. ಭವಿಷ್ಯ ಕೇಳಲು ಹಣ ಕೊಟ್ಟವನು ತಾನು ಹಕ್ಕಿಯನ್ನು ಹಿಡಿದಿಲ್ಲವೆಂದು ಪಾರಾಗುವಂತಿಲ್ಲ. ಕೃತ, ಕಾರಿತ, ಅನುಮೋದಿತಗಳಲ್ಲಿ ಅವನಿಗೂ ಪಾಲಿದೆ. ಸಂಜೆಯೂಟವನ್ನು ಸೂರ್ಯಾಸ್ತದೊಳಗೆ ಮುಗಿಸುವ ಮನೆಯವರು ಮಧ್ಯಾಹ್ನ ಗಿಳಿಯ ಪಂಜರದ ಮುಂದೆ ಕುಳಿತರೆ ಆ ವ್ರತಕ್ಕೆ ಅರ್ಥವೇನು ಉಳಿಯಿತು?

ದೇಶದ ಕಾನೂನು ಕೂಡ ಇಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು ಅಪರಾಧ. ಆದರೆ ಮೂಢನಂಬಿಕೆಯ ವಿರುದ್ಧ ಕರ್ನಾಟಕವು 2017ರಲ್ಲಿ ಅಂಗೀಕರಿಸಿ 2020ರಲ್ಲಿ ಜಾರಿಗೆ ತಂದ ಕಾಯ್ದೆಯು ಜ್ಯೋತಿಷ್ಯವನ್ನು ನಿಷೇಧಿಸಿಲ್ಲ. ಗಿಳಿಗೆ ಕಾನೂನಿನ ರಕ್ಷಣೆ ಇದೆ. ಕಾರ್ಡನ್ನು ನಂಬುವ ಮನಸ್ಸಿಗೆ ಸ್ವಾಧ್ಯಾಯವೇ ರಕ್ಷಣೆ.

ಹೀಗೆಂದು ಪಂಜರ ಹೊತ್ತು ಊರೂರು ಅಲೆಯುವ ಬಡವನನ್ನು ಹೀಯಾಳಿಸುವುದು ಧರ್ಮವಲ್ಲ. ಅವನಿಗೆ ಅನ್ನದಾನ ಮಾಡಲಿ, ಅವನ ಮಕ್ಕಳ ಓದಿಗೆ ನೆರವಾಗಲಿ. ಫಲ ಕೇಳಿ ಹಣ ಕೊಡುವುದು ಬೇಡ. ಜೀವದಯೆಯ ಹೆಸರಿನಲ್ಲಿ ಗಿಳಿಯನ್ನು ಕೊಂಡು ಹಾರಿಬಿಡುವುದೂ ಸಲ್ಲದು. ಕೊಟ್ಟ ಹಣ ಇನ್ನೊಂದು ಗಿಳಿಯನ್ನು ಬಲೆಗೆ ಬೀಳಿಸುತ್ತದೆ; ರೆಕ್ಕೆ ಕತ್ತರಿಸಿದ ಹಕ್ಕಿ ಹೊರಗೆ ಬಾಳಲಾರದು. ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ಮಾರ್ಗ.

ಬಸದಿಗಳ ಟ್ರಸ್ಟುಗಳ ಹೊಣೆ ಹೆಚ್ಚಿನದು. ವಾರ್ಷಿಕೋತ್ಸವ, ಅಭಿಷೇಕಗಳ ದಿನ ಬಸದಿಯ ಆವರಣದಲ್ಲಿ ಕಾರ್ಡು ಹರಡಲು ಅವಕಾಶ ಕೊಡಬಾರದು. ವಧೂವರರ ಸಮಾವೇಶ ನಡೆಸುವ ಕಡೆಗಳಲ್ಲಿ ಆರೋಗ್ಯ, ವಿದ್ಯೆ, ಶೀಲ, ಪರಸ್ಪರ ಸಮ್ಮತಿಗಳ ವಿಚಾರಣೆಗೆ ಹಿರಿಯರ ಸಮಿತಿಯನ್ನು ನೇಮಿಸಬೇಕು. ಸಂಕಟದಲ್ಲಿರುವ ಕುಟುಂಬ ತನ್ನ ಮಾತನ್ನು ಹೇಳಿಕೊಳ್ಳಲು ಒಬ್ಬ ವಿವೇಕಿಯ ಕಿವಿ ಬಸದಿಯಲ್ಲಿಯೇ ದೊರೆತರೆ ಪಂಜರದ ಮುಂದೆ ಕುಳ್ಳಿರುವ ಪ್ರಸಂಗ ಬರುವುದು ಕಡಮೆ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿಯ ಮೂರ್ತಿ ನಿಂತಿದೆ. ಅಣ್ಣತಮ್ಮಂದಿರ ರಾಜ್ಯದ ವ್ಯಾಜ್ಯ ತೀರಿದ್ದು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ; ಗೆದ್ದವನು ಗೆದ್ದುದನ್ನೇ ತ್ಯಜಿಸಿದ್ದು ತನ್ನ ವೈರಾಗ್ಯದಿಂದ. ಮುಂದಿನ ದಾರಿಯನ್ನು ಅವನು ಯಾರನ್ನೂ ಕೇಳಲಿಲ್ಲ. ಆ ಮೂರ್ತಿಗೆ ಕೈಮುಗಿಯುವ ಕೈ ಕೆಳಗಿಳಿದು ಬಂದು ಕಾರ್ಡಿಗಾಗಿ ಚಾಚದಿರಲಿ.