ಗರ್ಭದ ಪರೀಕ್ಷೆ ಮತ್ತು ನಮ್ಮ ಪರೀಕ್ಷೆ



ಸಂತ ಲೂಕರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಇಬ್ಬರು ಗರ್ಭಿಣಿಯರು ಭೇಟಿಯಾಗುವ ಪ್ರಸಂಗವಿದೆ. ಮಾತೆ ಮರಿಯಮ್ಮನವರು ಬೆಟ್ಟದ ಸೀಮೆಗೆ ಹೋಗಿ ತಮ್ಮ ಬಂಧುವಾದ ಎಲಿಜಬೇತಳನ್ನು ಕಂಡು ವಂದಿಸಿದರು. ಆ ದನಿ ಕಿವಿಗೆ ಬಿದ್ದೊಡನೆ ಎಲಿಜಬೇತಳ ಗರ್ಭದಲ್ಲಿದ್ದ ಶಿಶು ನಲಿದಾಡಿತು. ಗರ್ಭಸ್ಥ ಶಿಶುವಿನ ಘನತೆಯನ್ನು ಕುರಿತು ಧರ್ಮಸಭೆ ಬೋಧಿಸುವಾಗಲೆಲ್ಲ ಈ ಪ್ರಸಂಗವನ್ನು ನೆನೆಯುತ್ತೇವೆ. ಅದೇ ಪ್ರಸಂಗದ ಕೊನೆಯಲ್ಲಿ ಬರುವ ಒಂದು ಸಂಗತಿಯನ್ನು ಮಾತ್ರ ಮರೆಯುತ್ತೇವೆ. ಮರಿಯಮ್ಮನವರು ಒಳ್ಳೆಯ ಮಾತನಾಡಿ ಹಿಂದಿರುಗಲಿಲ್ಲ. ಸುಮಾರು ಮೂರು ತಿಂಗಳು ಆ ಮನೆಯಲ್ಲಿ ಉಳಿದರು. ಇಂದಿನ ನನ್ನ ಮಾತು ಆ ಮೂರು ತಿಂಗಳುಗಳ ಬಗೆಗೆ.

ಕೆಲವು ವರ್ಷಗಳ ಹಿಂದೆ ನಮ್ಮ ತಳಕು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಯುವ ದಂಪತಿಗಳು ಭಾನುವಾರದ ಪೂಜೆಯ ತರುವಾಯ ನನ್ನನ್ನು ಕಾಣಲು ಬಂದರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರ ಮೊದಲ ಮಗುವಿಗೆ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ದೂರದ ಊರಿಗೆ ಕೊಂಡೊಯ್ದು ರಕ್ತ ಹಾಕಿಸಬೇಕು. ಆ ಹೆಣ್ಣುಮಗಳು ಮತ್ತೆ ಗರ್ಭಿಣಿಯಾಗಿದ್ದಳು. ಗರ್ಭದ ಪರೀಕ್ಷೆ ಮಾಡಿಸಿರಿ, ಮಗುವಿಗೆ ಕಾಯಿಲೆಯಿದ್ದರೆ ತೆಗೆಸಿಬಿಡಿರಿ ಎಂದು ವೈದ್ಯರೊಬ್ಬರು ಎರಡೇ ಮಾತಿನಲ್ಲಿ ಹೇಳಿ ಕಳುಹಿಸಿದ್ದರು. ಪರೀಕ್ಷೆ ಮಾಡಿಸುವುದೇ ಪಾಪವೇ ಎಂಬುದು ಅವರ ಪ್ರಶ್ನೆ. ನಾನೂ ಎರಡೇ ಮಾತಿನಲ್ಲಿ ಉತ್ತರಿಸಿದೆ: "ಮಾಡಿಸಬೇಡಿ. ದೇವರಿದ್ದಾರೆ." ಆಕೆ ತಲೆ ತಗ್ಗಿಸಿ ಹೇಳಿದಳು: "ದೇವರಿದ್ದಾರೆ ಸ್ವಾಮಿ. ಆದ್ರೆ ನಮ್ ಮಗೀಗೆ ರಕ್ತ ಕೊಡಾಕೆ ನಮ್ಮ ಚರ್ಚಿನೋರು ಒಬ್ರಾದ್ರೂ ಬಂದಿಲ್ಲ."

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದ ನನಗೆ ಆ ಮಾತಿಗೆ ಪ್ರತ್ಯುತ್ತರ ಹೊಳೆಯಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಿ, ತಿಳಿದವರಲ್ಲಿ ಕೇಳಿ, ಅರಿತುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಕಬ್ಬಿಣದ ಮಾತು. ನಮ್ಮ ಚಿತ್ರದುರ್ಗ ಜಿಲ್ಲೆಯ ಗಣಿಗಳಿಂದಲೂ ನೆರೆಯ ಸಂಡೂರಿನಿಂದಲೂ ಕಬ್ಬಿಣದ ಅದಿರು ಲಾರಿಗಟ್ಟಲೆ ಹೊರಹೋಗಿದೆ. ಆದರೆ ಈ ನೆಲದ ಮೇಲೆ ದುಡಿಯುವ ತಾಯಂದಿರ ರಕ್ತದಲ್ಲಿ ಕಬ್ಬಿಣ ಸಾಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆಯಿತ್ತು. ಆದ್ದರಿಂದ ಮುಖ ಬಿಳಿಚಿದವರನ್ನು ಕಂಡೊಡನೆ ಕಬ್ಬಿಣದ ಮಾತ್ರೆ ಕೊಡುವುದು ರೂಢಿ. ಬಹುಮಂದಿಗೆ ಅದೇ ಸರಿಯಾದ ಮದ್ದು. ಎಲ್ಲರಿಗೂ ಅಲ್ಲ.

ಇದು ತಿಳಿಯಬೇಕಾದರೆ ಫೆರಿಟಿನ್ ಎಂಬ ಪ್ರೋಟೀನಿನ ಪರಿಚಯ ಬೇಕು. 1937ರಲ್ಲಿ ಚೆಕ್ ವಿಜ್ಞಾನಿ ವಿಲೆಮ್ ಲೌಫ್‌ಬರ್ಗರ್ ಅವರು ಕುದುರೆಯ ಗುಲ್ಮದಿಂದ ಇದನ್ನು ಬೇರ್ಪಡಿಸಿದರು. ನಮ್ಮ ಹಿರಿಯರು ಸುಗ್ಗಿಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದಂತೆ ಶರೀರವು ಕಬ್ಬಿಣವನ್ನು ಫೆರಿಟಿನ್ನಿನಲ್ಲಿ ಕೂಡಿಡುತ್ತದೆ. 24 ಘಟಕಗಳು ಸೇರಿ ಆದ ಈ ಟೊಳ್ಳು ಗೋಳದಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಬಿಡಿಯಾಗಿ ಅಲೆಯುವ ಕಬ್ಬಿಣ ಜೀವಕೋಶಗಳಿಗೆ ಕೇಡು ಮಾಡುವುದರಿಂದ ಈ ಹಗೇವು ದಾಸ್ತಾನೂ ಹೌದು, ಕಾವಲೂ ಹೌದು. ರಕ್ತದಲ್ಲಿ ಫೆರಿಟಿನ್ ಎಷ್ಟಿದೆಯೆಂದು ಅಳೆದರೆ ದಾಸ್ತಾನು ಬರಿದಾಗಿದೆಯೇ, ತುಂಬಿದೆಯೇ ಎಂಬ ಅಂದಾಜು ಸಿಗುತ್ತದೆ. ಕೆಂಪು ರಕ್ತಕಣದೊಳಗಿನ ಫೆರಿಟಿನ್ನನ್ನೇ ಅಳೆದ ಸಂಶೋಧಕರು, ಕಬ್ಬಿಣದ ಕೊರತೆಯುಳ್ಳವರಲ್ಲಿ ಅದು ತಗ್ಗಿರುವುದನ್ನೂ ಥಲಸ್ಸೀಮಿಯಾ ಉಳ್ಳವರಲ್ಲಿ ಏರಿರುವುದನ್ನೂ ಕಂಡಿದ್ದಾರೆ.

ಇಬ್ಬರ ಮುಖವೂ ಬಿಳಿಚಿರುತ್ತದೆ, ಇಬ್ಬರ ರಕ್ತಕಣಗಳೂ ಚಿಕ್ಕವಾಗಿರುತ್ತವೆ. ಆದರೆ ಒಬ್ಬರ ಹಗೇವು ಬರಿದು, ಇನ್ನೊಬ್ಬರದು ತುಂಬಿದೆ. ಥಲಸ್ಸೀಮಿಯಾದಲ್ಲಿ ಕೊರತೆ ಕಬ್ಬಿಣದ್ದಲ್ಲ, ಹಿಮೋಗ್ಲೋಬಿನ್ ಕಟ್ಟುವ ಆನುವಂಶಿಕ ಸೂಚನೆಯದು. ತೀವ್ರ ರೂಪದ ಕಾಯಿಲೆಯುಳ್ಳ ಮಗುವಿಗೆ ರಕ್ತ ಹಾಕಿಸಲೇಬೇಕು. ಒಂದೊಂದು ಚೀಲ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ. ಶರೀರವು ತಾನಾಗಿ ಹೊರಹಾಕಬಲ್ಲದ್ದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಹಗೇವು ತುಂಬಿ ಹೊರಚೆಲ್ಲಿದ ಕಬ್ಬಿಣ ಹೃದಯವನ್ನೂ ಪಿತ್ತಜನಕಾಂಗವನ್ನೂ ಕೆಡಿಸುತ್ತದೆ. ಬದುಕಿಸುವ ರಕ್ತವೇ ಹೀಗೆ ಅಪಾಯವನ್ನೂ ತರುವುದರಿಂದ, ಕಬ್ಬಿಣವನ್ನು ಹೊರಗೆಳೆಯುವ ಔಷಧಿಯನ್ನು ಜೀವನಪರ್ಯಂತ ಕೊಡಬೇಕಾಗುತ್ತದೆ.

ಈ ಕಾಯಿಲೆ ಬರುವುದು ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಾಗ. ವಾಹಕರು ಎಲ್ಲರಂತೆ ಉಂಡುಟ್ಟು ದುಡಿಯುವ ಆರೋಗ್ಯವಂತರು. ತಾವು ವಾಹಕರೆಂದು ಅವರಿಗೇ ತಿಳಿದಿರುವುದಿಲ್ಲ. ಭಾರತದ ಜನಸಂಖ್ಯೆಯಲ್ಲಿ ಶೇಕಡಾ 3ರಿಂದ 4ರಷ್ಟು ಮಂದಿ ವಾಹಕರೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಅಂದಾಜಿಸಿದೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿಯೊಂದು ಗರ್ಭದಲ್ಲಿಯೂ ಕಾಯಿಲೆಯ ಸಂಭವ ನಾಲ್ಕರಲ್ಲೊಂದು. ಮೊದಲ ಮಗುವಿಗೆ ಬಂದಿದೆ, ಇನ್ನು ಮೂವರಿಗೆ ಬರಲಾರದು ಎಂಬ ಲೆಕ್ಕ ತಪ್ಪು. ನಮ್ಮ ಸೀಮೆಯಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯಿದೆ; ಒಂದೇ ಅಜ್ಜ ಅಜ್ಜಿಯಿಂದ ಬಂದ ದೋಷ ಇಬ್ಬರಲ್ಲಿಯೂ ಇರುವ ಸಂಭವ ಅಲ್ಲಿ ಹೆಚ್ಚು. ಧರ್ಮಸಭೆಯ ಕಾನೂನು ಇಂತಹ ಹತ್ತಿರದ ವಿವಾಹಗಳನ್ನು ತಡೆದಿದೆ, ವಿನಾಯಿತಿಯಿಲ್ಲದೆ ಅವು ನಡೆಯುವಂತಿಲ್ಲ. ವಿನಾಯಿತಿ ಸಿಕ್ಕಿತೆಂದರೆ ಅಪಾಯ ಹೋಯಿತೆಂದಲ್ಲ; ಕಾಗದದ ಸಹಿ ರಕ್ತವನ್ನು ಬದಲಿಸದು.

ಇನ್ನು ಗರ್ಭದ ಪರೀಕ್ಷೆ. ಹತ್ತು ಹನ್ನೆರಡನೆಯ ವಾರದ ಸುಮಾರಿಗೆ ಮಾಸುವಿನ ಅಂಶವನ್ನೋ, ಹದಿನೈದನೆಯ ವಾರದ ನಂತರ ಗರ್ಭಜಲವನ್ನೋ ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ. ಇದರಿಂದ ಗರ್ಭಪಾತವಾಗುವ ಅಪಾಯ ಚಿಕ್ಕದು, ಆದರೆ ಇಲ್ಲದಿಲ್ಲ. 1994ರ ಪ್ರಸವಪೂರ್ವ ಪರೀಕ್ಷಾ ಕಾಯಿದೆಯು ಹಿಮೋಗ್ಲೋಬಿನ್ ದೋಷಗಳ ಪತ್ತೆಗೆ ಇದನ್ನು ನೋಂದಾಯಿತ ಕೇಂದ್ರಗಳಲ್ಲಿ ಅನುಮತಿಸುತ್ತದೆ. ಹೆಣ್ಣೋ ಗಂಡೋ ಎಂದು ಹೇಳುವುದನ್ನು ನಿಷೇಧಿಸುತ್ತದೆ.

ಧರ್ಮಸಭೆ ಏನನ್ನುತ್ತದೆ? ನಾನು ಅಂದು ಆ ದಂಪತಿಗಳಿಗೆ ಕೊಟ್ಟ ಉತ್ತರ ಧರ್ಮಸಭೆಯ ಉತ್ತರವಾಗಿರಲಿಲ್ಲ. ವಿಶ್ವಾಸಬೋಧೆಯ ಪೀಠವು 1987ರಲ್ಲಿ ಹೊರಡಿಸಿದ ಬೋಧಪತ್ರವಾಗಲಿ, ಜಗದ್ಗುರು ಎರಡನೆಯ ಜಾನ್ ಪೌಲರ 1995ರ ವಿಶ್ವಪರಿಪತ್ರವಾಗಲಿ ಗರ್ಭದ ಪರೀಕ್ಷೆಯನ್ನು ಪಾಪವೆಂದು ಸಾರಾಸಗಟು ತಳ್ಳಿಹಾಕಿಲ್ಲ. ತಾಯಿಗೂ ಶಿಶುವಿಗೂ ಮಿತಿಮೀರಿದ ಅಪಾಯವಿಲ್ಲದೆ, ತಂದೆ ತಾಯಿಯರು ತಿಳಿದು ಒಪ್ಪಿ, ಶಿಶುವಿನ ರಕ್ಷಣೆಗೋ ಚಿಕಿತ್ಸೆಗೋ ಮಾಡಿಸಿದರೆ ಅದು ಯುಕ್ತ. ದೋಷವಿದ್ದರೆ ಕೊಲ್ಲುವೆವು ಎಂಬ ನಿಶ್ಚಯದಿಂದ ಮಾಡಿಸಿದರೆ ಅಯುಕ್ತ. ಸೂಜಿಗೆ ಪಾಪಪುಣ್ಯವಿಲ್ಲ, ಅದನ್ನು ಹಿಡಿಸಿದ ಸಂಕಲ್ಪಕ್ಕಿದೆ.

ಇದಕ್ಕೆ ದೃಷ್ಟಾಂತವಾಗಿ ಇಬ್ಬರು ವೈದ್ಯರನ್ನು ನೆನೆಯುತ್ತೇನೆ. ನ್ಯೂಜಿಲೆಂಡಿನ ವಿಲಿಯಂ ಲೈಲಿ ಅವರು ರಕ್ತಗುಂಪಿನ ಹೊಂದಾಣಿಕೆಯಿಲ್ಲದೆ ಗರ್ಭದಲ್ಲೇ ಸಾಯುತ್ತಿದ್ದ ಶಿಶುಗಳ ಸ್ಥಿತಿಯನ್ನು ಗರ್ಭಜಲದ ಪರೀಕ್ಷೆಯಿಂದ ಅರಿತು, 1963ರಲ್ಲಿ ಗರ್ಭದೊಳಗಿನ ಶಿಶುವಿಗೇ ರಕ್ತ ಕೊಟ್ಟು ಉಳಿಸಿದರು. ಗರ್ಭದ ಪರೀಕ್ಷೆ ಅಲ್ಲಿ ಶಿಶುವನ್ನು ರೋಗಿಯೆಂದು ಗೌರವಿಸಿತು. ಫ್ರಾನ್ಸಿನ ಜೆರೋಮ್ ಲೆಜೂನ್ ಅವರು ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಒಂದು ವರ್ಣತಂತು ಹೆಚ್ಚಾಗಿರುವುದನ್ನು 1959ರಲ್ಲಿ ಪ್ರಕಟಿಸಿದ ತಂಡದವರು. ಮದ್ದು ಹುಡುಕಲು ದಾರಿಯಾಗಲೆಂದು ಅವರು ಬಯಸಿದ ಆ ಜ್ಞಾನ, ಅದೇ ಮಕ್ಕಳನ್ನು ಹುಟ್ಟದಂತೆ ಮಾಡಲು ಬಳಕೆಯಾಯಿತು. ಅವರು ಬಾಳಿಡೀ ಅದನ್ನು ವಿರೋಧಿಸಿ ಆ ಮಕ್ಕಳ ವೈದ್ಯರಾಗಿಯೇ ಉಳಿದರು. 1994ರಲ್ಲಿ ಅವರು ತೀರಿಕೊಂಡರು. 2021ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು.

ಇಟಲಿಯ ಸಾರ್ಡಿನಿಯಾ ಕಥೋಲಿಕರೇ ತುಂಬಿದ ದ್ವೀಪ. ಅಲ್ಲಿ ಒಮ್ಮೆ 250 ಹೆರಿಗೆಗಳಿಗೆ ಒಂದರಂತೆ ಥಲಸ್ಸೀಮಿಯಾ ಮಗು ಹುಟ್ಟುತ್ತಿತ್ತು. 1970ರ ದಶಕದಲ್ಲಿ ವಾಹಕರ ಪತ್ತೆಯೂ ಗರ್ಭದ ಪರೀಕ್ಷೆಯೂ ಆರಂಭವಾದ ಮೇಲೆ ಅದು ಸುಮಾರು 4,000ಕ್ಕೆ ಒಂದಕ್ಕಿಳಿಯಿತು. ವೈದ್ಯಲೋಕ ಇದನ್ನು ಯಶಸ್ಸೆನ್ನುತ್ತದೆ. ಆ ಇಳಿತದ ಬಹುಪಾಲು ಗರ್ಭಪಾತದಿಂದ ಬಂದದ್ದೆಂದು ಅರಿತಾಗ ಮನಸ್ಸು ಮುದುಡುತ್ತದೆ. ರೋಗವನ್ನು ತೊಡೆಯುವುದು ಬೇರೆ, ರೋಗಿಯನ್ನು ತೊಡೆಯುವುದು ಬೇರೆ. ಅಂಕಿಯಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಆದರೆ ಆ ತಾಯಂದಿರನ್ನು ಕಲ್ಲೆದೆಯವರೆಂದು ತೀರ್ಪಿಡಲು ನಾನು ಸಿದ್ಧನಿಲ್ಲ. ಒಂದು ಮಗುವಿನ ತೋಳಿಗೆ ಮೂರು ವಾರಕ್ಕೊಮ್ಮೆ ಸೂಜಿ ಚುಚ್ಚುವುದನ್ನು ಕಂಡ ತಾಯಿಯ ಭಯ ನಿಜವಾದ ಭಯ. ಆ ಭಯವನ್ನು ಹಂಚಿಕೊಳ್ಳದೆ ಬರೀ ವಿಧಿನಿಷೇಧ ಹೇಳುವವನು, ಹೊರಲಾಗದ ಹೊರೆಯನ್ನು ಇತರರ ಮೇಲೆ ಹೇರಿ ತಾನು ಬೆರಳನ್ನೂ ತಾಗಿಸದವನು. ಪ್ರಭು ಅಂಥವರನ್ನು ಗದರಿಸಿದ್ದಾರೆ.

ಆ ದಂಪತಿಗಳನ್ನು ಮತ್ತೆ ಕಂಡು ನನ್ನ ಆತುರದ ಮಾತಿಗೆ ಕ್ಷಮೆ ಕೇಳಿದೆ. ಶಿಶು ಹೇಗಿದ್ದರೂ ನಮ್ಮದೇ ಎಂದು ನಿಶ್ಚಯಿಸಿದವರು ಸೂಜಿಯ ಅಪಾಯವನ್ನು ಎದುರಿಸಲೇಬೇಕಾದ ಅಗತ್ಯವಿಲ್ಲ; ಈ ಕಾಯಿಲೆಯ ಲಕ್ಷಣಗಳು ತೋರುವುದು ಹುಟ್ಟಿದ ಕೆಲವು ತಿಂಗಳ ಮೇಲಾದ್ದರಿಂದ ಹೆರಿಗೆಯ ನಂತರ ಪರೀಕ್ಷಿಸಿದರೂ ಚಿಕಿತ್ಸೆಗೆ ತಡವಾಗದು ಎಂದು ತಿಳಿಸಿದೆ. ಮುಂದೆ ಅವರು ಏನು ಮಾಡಿದರು, ಫಲಿತಾಂಶವೇನು ಎಂಬುದನ್ನು ಪತ್ರಿಕೆಯಲ್ಲಿ ಬರೆಯುವ ಅಧಿಕಾರ ನನಗಿಲ್ಲ.

ಹಾಗಾದರೆ ನಮ್ಮ ಕರ್ತವ್ಯವೇನು? ಮೊದಲನೆಯದು, ಪರೀಕ್ಷೆಯನ್ನು ಗರ್ಭದಿಂದ ಮದುವೆಯ ಮಾತುಕತೆಗಿಂತ ಹಿಂದಕ್ಕೆ ಒಯ್ಯುವುದು. ರಕ್ತಕಣಗಳ ಎಣಿಕೆ, ಫೆರಿಟಿನ್, ಹಿಮೋಗ್ಲೋಬಿನ್ ಎ-2 ಇವುಗಳ ಪರೀಕ್ಷೆಯಿಂದ ವಾಹಕರು ಯಾರೆಂದು ತಿಳಿಯಬಹುದು. ಅಲ್ಲಿ ಯಾವ ಜೀವವೂ ಅಪಾಯದಲ್ಲಿರುವುದಿಲ್ಲ. ವಿವಾಹ ಸಿದ್ಧತಾ ಶಿಬಿರಗಳಲ್ಲಿ ಇದನ್ನು ಹೇಳಬೇಕು. ಅದಕ್ಕೂ ಮುಂಚೆ, ನಿಶ್ಚಿತಾರ್ಥದ ಮಾತೇ ಏಳದ ವಯಸ್ಸಿನಲ್ಲಿ, ಯುವಜನರ ಕೂಟಗಳಲ್ಲಿ ಹೇಳಬೇಕು. ವಾಹಕತ್ವ ರೋಗವಲ್ಲ, ಕಳಂಕವಲ್ಲ. ಫಲಿತಾಂಶ ಗುಟ್ಟಾಗಿರಲಿ, ಪರೀಕ್ಷೆ ಗಂಡುಮಕ್ಕಳಿಂದ ಆರಂಭವಾಗಲಿ. ಇಲ್ಲವಾದರೆ ಇದೂ ಹೆಣ್ಣುಮಕ್ಕಳನ್ನು ಬೇಡವೆನ್ನಲು ಮತ್ತೊಂದು ನೆಪವಾದೀತು.

ಎರಡನೆಯದು, ಇರುವ ಮಕ್ಕಳ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಥಲಸ್ಸೀಮಿಯಾವೂ ಸೇರಿದೆ. ಅಸ್ಥಿಮಜ್ಜೆಯ ಕಸಿಗೆ ನೆರವಾಗುವ ಥಲಸ್ಸೀಮಿಯಾ ಬಾಲ ಸೇವಾ ಯೋಜನೆ 2017ರಲ್ಲಿ ಆರಂಭವಾಯಿತು. ಅರ್ಜಿ ಬರೆಯಲು, ಕಚೇರಿ ಅಲೆಯಲು ಓದುಬರಹ ಬಲ್ಲ ನಮ್ಮವರು ಜೊತೆಗೆ ಹೋಗಬಾರದೇ?

ಮೂರನೆಯದು ಎಲ್ಲಕ್ಕಿಂತ ಸರಳ. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿನೇಳು ಸಲ. ಆರೋಗ್ಯವಂತ ಪುರುಷನು 90 ದಿನಗಳಿಗೊಮ್ಮೆ, ಸ್ತ್ರೀಯು 120 ದಿನಗಳಿಗೊಮ್ಮೆ ರಕ್ತ ಕೊಡಬಹುದು. ಒಂದು ಸಲಕ್ಕೆ ಒಂದು ಚೀಲವೆಂದರೆ, ಐದು ಮಂದಿ ಗಂಡಸರು ಮನಸ್ಸು ಮಾಡಿದರೆ ಒಂದು ಮಗುವಿನ ವರ್ಷದ ಹೊಣೆ ಮುಗಿಯಿತು. ಐದೇ ಮಂದಿ! ಪ್ರತಿ ಭಾನುವಾರ ಕ್ರಿಸ್ತರ ರಕ್ತದ ಪಾತ್ರೆಯ ಮುಂದೆ ಮಂಡಿಯೂರುವ ನಮ್ಮ ನಡುವೆ ಐದು ಮಂದಿ ಸಿಗಲಿಲ್ಲವೆಂದರೆ, ಗರ್ಭದ ಶಿಶುವಿನ ಪರವಾಗಿ ನಾವಾಡುವ ಮಾತಿಗೆ ಬೆಲೆ ಎಲ್ಲಿಯದು?

ಆ ತಾಯಿಯ ಮಾತಿಗೆ ನಾನು ಕೊಡಲಾರದ ಉತ್ತರವನ್ನು ಧರ್ಮಕೇಂದ್ರವೇ ಕೊಡಬೇಕು. ಬರುವ ಭಾನುವಾರ ಪೂಜೆಯಾದ ಮೇಲೆ ದೇವಾಲಯದ ಬಾಗಿಲಲ್ಲಿ ಒಂದು ಪುಸ್ತಕ ತೆರೆದಿಡುತ್ತೇನೆ. ಹೆಸರು, ರಕ್ತದ ಗುಂಪು, ಇಷ್ಟು ಬರೆದರೆ ಸಾಕು. ಮೊದಲ ಸಾಲಿನಲ್ಲಿ ನನ್ನ ಹೆಸರಿರುತ್ತದೆ.