ಬಾಯಿ ಮೂಸುವ ಮನೆ

ಮೈಸೂರಿನ ಹುಣಸೂರು ರಸ್ತೆಯೂ ರಿಂಗ್ ರಸ್ತೆಯೂ ಕೂಡುವ ಹಿನಕಲ್ ಮೇಲ್ಸೇತುವೆಯ ಹತ್ತಿರ, ಟೀ ಅಂಗಡಿಯಲ್ಲಿ ನನಗೆ ಪರಿಚಯವಾದ ಗಾರೆ ಕೆಲಸದವರೊಬ್ಬರು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ‘ಬುಡೋದೇನ್ ದೊಡ್ಡದಲ್ಲ ಸಾ, ಬುಟ್ಮೇಲೆ ಬದುಕೋದೇ ಕಷ್ಟ’ ಅಂದರು. ಒಂದು ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ದನಿ ಎತ್ತಿದರಂತೆ. ಹೆಂಡತಿ ಮಾತಾಡದೆ ಹತ್ತಿರ ಬಂದು ಬಾಯಿ ಮೂಸಿದರು. ‘ಕುಡುದ್ರೂ ಕಳ್ಳ, ಕುಡೀದೆ ಇದ್ರೂ ಕಳ್ಳ. ಅಂಗಿದ್ಮೇಲೆ ಕುಡ್ದೇ ಬುಡವ ಅನ್ನುಸ್ತು.’

ಆಕೆಯದು ತಪ್ಪೆನ್ನಲಾರೆ. ಆ ಮನೆಯಲ್ಲಿ ವರ್ಷಗಟ್ಟಲೆ ಎತ್ತಿದ ದನಿಯ ಹಿಂದೆ ಎತ್ತಿದ ಕೈಯೂ ಇತ್ತು.

ಕುಡಿತ ಬಿಡಿಸುವುದು ನಮ್ಮ ನಾಡಿಗೆ ಗೊತ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ 8 ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಸರ್ಕಾರ 2007ರ ಜುಲೈನಲ್ಲಿ ಸಾರಾಯಿಯನ್ನೇ ನಿಲ್ಲಿಸಿತು. ನನ್ನ ಚಿಂತೆ ಒಂಬತ್ತನೆಯ ದಿನದ್ದು. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿರುವುದು ಆ ದಿನಕ್ಕಾಗಿಯೇ.

ವರ್ಷಗಟ್ಟಲೆ ಮದ್ಯ ಮಿದುಳನ್ನು ಅದುಮುತ್ತದೆ, ಮಿದುಳು ಅದಕ್ಕೆದುರಾಗಿ ಒತ್ತಿ ನಿಲ್ಲುತ್ತದೆ. ಭಾರ ತೆಗೆದರೂ ಆ ಒತ್ತು ಕೂಡಲೇ ಇಳಿಯದು. ನಿದ್ದೆಗೇಡು, ಸಿಡುಕು, ಕಾರಣವಿಲ್ಲದ ಅಳು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತವೆ. ಇನ್ನೊಂದು ಕಷ್ಟವಿದೆ. ಅಪ್ಪ ಸತ್ತ ದಿನ, ಹದಿನಾರನೆಯ ವಯಸ್ಸಿನಲ್ಲಿ, ಮೊದಲ ಗ್ಲಾಸು ಎತ್ತಿದವನು ದುಃಖ ಬಂದಾಗಲೆಲ್ಲ ಅದನ್ನೇ ಎತ್ತಿದ್ದಾನೆ. ಬರಿಗೈಯಲ್ಲಿ ದುಃಖದೆದುರು ಕೂರುವುದನ್ನು ಅವನು ನಲವತ್ತರಲ್ಲಿ ಮೊದಲಿನಿಂದ ಕಲಿಯಬೇಕು. ಅದನ್ನು ಛಲದ ಕೊರತೆ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮರುಕುಡಿತದ ಬಗ್ಗೆ 1985ರಲ್ಲಿ ತಂದ ಪುಸ್ತಕದಲ್ಲಿ, ಕೆಟ್ಟ ಮನಃಸ್ಥಿತಿ, ಮನೆಯವರೊಡನೆ ಜಗಳ, ಗೆಳೆಯರ ಒತ್ತಾಯಗಳನ್ನು ಮುಖ್ಯ ಕಾರಣಗಳೆಂದು ತೋರಿಸಿದರು. ಒಂದು ದಿನ ಜಾರಿದವನನ್ನು ಪೂರ್ತಿ ಬೀಳಿಸುವುದು ‘ಇನ್ನು ಮುಗೀತು’ ಎಂಬ ನಾಚಿಕೆ ಎಂದೂ ಕಂಡುಕೊಂಡರು.

ಕುಡಿತ ಬಿಟ್ಟವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಆಸೆ ಹೊಡೆದೆದ್ದಾಗ ನಾಲ್ಕನ್ನು ಕೇಳಿಕೊಳ್ಳಿ ಎನ್ನುತ್ತಾರೆ: ಹಸಿವಾ, ಸಿಟ್ಟಾ, ಒಂಟಿತನವಾ, ದಣಿವಾ? ಗಾರೆ ಕೆಲಸದವರಿಗೆ ಶನಿವಾರ ಬಟವಾಡೆಯ ಸಂಜೆ ನಾಲ್ಕೂ ಒಟ್ಟಿಗೇ ಬರುತ್ತವೆ. ಮಧ್ಯಾಹ್ನದ ಊಟ ಕರಗಿರುತ್ತದೆ, ಮೈ ಸೋತಿರುತ್ತದೆ, ಕೂಲಿ ಮುರಿದುಕೊಂಡ ಮೇಸ್ತ್ರಿಯ ಮೇಲೆ ಕೋಪವಿರುತ್ತದೆ, ಮನೆಗೆ ಒಬ್ಬನೇ ನಡೆಯಬೇಕಿರುತ್ತದೆ. ಜೇಬಿನಲ್ಲಿ ದುಡ್ಡು. ದಾರಿಯಲ್ಲಿ ಬಾರಿನ ದೀಪ.

ಕಾನೂನೂ ಇದನ್ನು ಬರೀ ಛಲದ ಕೊರತೆ ಎಂದು ನೋಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ ತರುವ ಮಾನಸಿಕ ತೊಂದರೆಗಳನ್ನು ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹೊತ್ತಲ್ಲದ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. (ದಿನವೂ ಹೆಚ್ಚು ಕುಡಿಯುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಕುತ್ತಾಗಬಹುದು.)

ಬಟವಾಡೆಗೆ ಮುಂಚೆ ಹೊಟ್ಟೆಗೆ ಏನಾದರೂ ಹಾಕಿಕೊಳ್ಳುವುದನ್ನು ಆ ಗಾರೆಯವರು ತಾವೇ ಕಂಡುಕೊಂಡಿದ್ದಾರೆ. ಕೂಲಿಯನ್ನು ನೇರ ಹೆಂಡತಿಯ ಫೋನಿಗೆ ಹಾಕಿಸುತ್ತಾರೆ. ಆದರೂ ಮೂಸುವುದು ನಿಂತಿಲ್ಲ. ಆಕೆಯ ಭಯವನ್ನು ಇಷ್ಟು ವರ್ಷ ಯಾರೂ ಕೂತು ಕೇಳಿಲ್ಲ. ನಂಬರನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ, ಆಕೆಗೆಂದು.