ಕಫೀಲ್ ಎಂಬ ಪದಕ್ಕೆ ಬಗೆದ ದ್ರೋಹ

"ಫ್ರೀ ವೀಸಾ ಇದೆ, ಕಫೀಲ್ ಒಳ್ಳೆಯವನು, ಎಲ್ಲಿ ಬೇಕಾದರೂ ದುಡಿಯಬಹುದು." ಮಂಗಳೂರಿನಿಂದ ಭಟ್ಕಳದವರೆಗೆ ಈ ಮಾತು ಕೇಳದ ಊರು ಯಾವುದು? ತಾಯಿಯ ಬಂಗಾರ ಅಡವಿಟ್ಟು, ಸಾಲ ಮಾಡಿ, ಲಕ್ಷಗಟ್ಟಲೆ ಹಣ ಸುರಿದು ಹುಡುಗ ವಿಮಾನ ಹತ್ತುತ್ತಾನೆ. ಆದರೆ ಈ ಫ್ರೀ ವೀಸಾ ಪುಕ್ಕಟೆಯೂ ಅಲ್ಲ, ಸ್ವತಂತ್ರವೂ ಅಲ್ಲ. ಕಾನೂನಿನಲ್ಲಿ ಅಂಥ ವೀಸಾವೇ ಇಲ್ಲ. ಕೊಡಲು ಕೆಲಸವಿಲ್ಲದವನು ಕೆಲಸಗಾರ ಬೇಕೆಂದು ಕಾಗದದಲ್ಲಿ ತೋರಿಸಿ ಪಡೆದ ವೀಸಾವನ್ನು ಮಾರುತ್ತಾನೆ, ಅಷ್ಟೆ. ಕೊಂಡವನು ಬೇರೆಲ್ಲೋ ದುಡಿದು, ಇಖಾಮಾ ನವೀಕರಣದ ಹೊತ್ತಿಗೆ ಕಫೀಲನಿಗೆ ಕಪ್ಪ ಸಲ್ಲಿಸಬೇಕು. ಕಫೀಲ್ ಮುನಿದು 'ಹುರೂಬ್', ಅಂದರೆ ಓಡಿಹೋಗಿದ್ದಾನೆ ಎಂದು ದೂರಿದರೆ ದುಡಿಯುವವನೇ ಅಪರಾಧಿ. 2013ರಲ್ಲಿ ಸೌದಿ ಅರೇಬಿಯಾ ತಪಾಸಣೆ ಬಿಗಿಗೊಳಿಸಿದಾಗ ಈ ಸತ್ಯ ಬೀದಿಗೆ ಬಂತು.

ಕಫಾಲತ್ ಎಂದರೆ ಹೊಣೆ ಹೊರುವುದು. ಬಾಲೆ ಮರ್ಯಮ್(ಅ)ರ ಪಾಲನೆಯನ್ನು ಝಕರಿಯ್ಯಾ(ಅ) ವಹಿಸಿಕೊಂಡದ್ದನ್ನು ಕುರ್‌ಆನ್ ಹೇಳುವುದು ಇದೇ ಧಾತುವಿನ ಪದದಿಂದ. ಅನಾಥನ ಕಫೀಲ್ ಸ್ವರ್ಗದಲ್ಲಿ ತಮ್ಮ ಸಮೀಪವಿರುವನೆಂದು ಪ್ರವಾದಿವರ್ಯರು(ಸ) ಕಲಿಸಿದರು. ಇಂಥ ಪದವನ್ನು ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವವನಿಗೆ ಬಳಸುವುದು ಪದಕ್ಕೆ ಬಗೆದ ದ್ರೋಹವಲ್ಲವೇ?

ಪ್ರವಾದಿ ಮೂಸಾ(ಅ) ಕೂಡ ಪರದೇಶದಲ್ಲಿ ದುಡಿದವರು. ಈಜಿಪ್ಟಿನಿಂದ ಪ್ರಾಣಭಯದಿಂದ ಮದ್‌ಯನ್‌ಗೆ ಬಂದವರಿಗೆ ಅಲ್ಲಿನ ವೃದ್ಧರು ಕೆಲಸ ಕೊಟ್ಟರು. ಎಂಟು ವರ್ಷದ ಅವಧಿ, ಹತ್ತು ಪೂರೈಸುವುದು ಮೂಸಾರ ಇಚ್ಛೆ. ಕಷ್ಟ ಕೊಡಲು ಬಯಸುವುದಿಲ್ಲವೆಂಬ ಮಾತೂ ಒಪ್ಪಂದದೊಂದಿಗೇ ಬಂತು. ಅವಧಿ ಮುಗಿಯಿತು, ಮೂಸಾ ಕುಟುಂಬದೊಂದಿಗೆ ಹೊರಟರು. ಯಾರ ಅನುಮತಿಪತ್ರಕ್ಕೂ ಕಾಯಲಿಲ್ಲ. ಕುರ್‌ಆನಿನ ಈ ಮಾದರಿ ಕುರ್‌ಆನ್ ಓದುವ ನಾಡುಗಳಲ್ಲೇ ಏಕೆ ಮರೆಯಾಯಿತು?

ಬದಲಾವಣೆ ಆಗಿಲ್ಲವೆಂದಲ್ಲ. 2020ರಲ್ಲಿ ಕತಾರ್ ಮಾಲಕನ ಎನ್‌ಒಸಿ ಇಲ್ಲದೆ ಕೆಲಸ ಬದಲಿಸಲು ಕಾನೂನಿನಲ್ಲಿ ಅವಕಾಶ ಕೊಟ್ಟಿತು. 2021ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾ ಕಂಪೆನಿ ನೌಕರರಿಗೆ ಷರತ್ತಿನೊಂದಿಗೆ ಅಂಥದೇ ಅವಕಾಶ ನೀಡಿತು. ಆದರೆ ಮನೆಗೆಲಸದವರು, ಮನೆಯ ಚಾಲಕರು, ಕುರಿ ಕಾಯುವವರು ಆ ಸುಧಾರಣೆಯ ಹೊರಗುಳಿದರು. ಎಲ್ಲರಿಗಿಂತ ದುರ್ಬಲರೇ ಬಾಗಿಲ ಹೊರಗೆ!

ಅರಬರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ವೀಸಾವನ್ನು ಊರಿಗೆ ತಂದು ಮಾರುವವರು ಯಾರು? ನಮ್ಮವರೇ. ಅಕ್ಕನ ಮಗನಿಗೆ ವೀಸಾ ಮಾರಿ ಲಾಭ ಎಣಿಸುವ ಮಾವಂದಿರೂ ನಮ್ಮಲ್ಲಿದ್ದಾರೆ. ಬಡ್ಡಿ, ವರದಕ್ಷಿಣೆಯ ವಿರುದ್ಧ ಗುಡುಗುವ ನಮ್ಮ ಖುತ್ಬಾಗಳು ಇಲ್ಲಿ ಏಕೆ ಮೌನ? ಮಸೀದಿಯ ಮಿನಾರಕ್ಕೆ ಬರುವ ಗಲ್ಫ್ ದೇಣಿಗೆ ನಮ್ಮ ಬಾಯಿ ಕಟ್ಟಿದೆಯೇ?

"ಕಫೀಲ್ ಇಲ್ಲದಿದ್ದರೆ ನಮ್ಮ ಮನೆಗಳು ಏಳುತ್ತಿದ್ದವೇ" ಎಂದು ಕೇಳುವವರಿದ್ದಾರೆ. ಮನೆ ಎದ್ದದ್ದು ದುಡಿದವನ ಬೆವರಿನಿಂದ, ಕಫೀಲನ ಸಹಿಯಿಂದಲ್ಲ. ಆ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದು ಪ್ರವಾದಿವರ್ಯರ(ಸ) ಆದೇಶ. ಅದರಲ್ಲಿ ಮುಸ್ಲಿಮನ ಬೆವರು, ಹಿಂದೂವಿನ ಬೆವರು, ಕ್ರೈಸ್ತನ ಬೆವರು ಎಂಬ ಭೇದವಿಲ್ಲ.

ನಮ್ಮ ದೇಶದ 1983ರ ವಲಸೆ ಕಾಯ್ದೆಯಂತೆ ನೇಮಕಾತಿಯ ಅಧಿಕಾರ ಇರುವುದು ನೋಂದಾಯಿತ ಏಜೆಂಟರಿಗೆ. ಅವರ ಸೇವಾಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ಇದನ್ನು ಜಾರಿಗೊಳಿಸುವುದು ಸರಕಾರದ ಕೆಲಸ. ಇದನ್ನು ಮನೆಮನೆಗೆ ತಿಳಿಸುವುದು ನಮ್ಮ ಕೆಲಸ. ಪ್ರತಿ ಜಮಾಅತ್ ಊರಿನ ಒಬ್ಬ ವಿದ್ಯಾವಂತನನ್ನು ಕೂರಿಸಿ ಒಪ್ಪಂದಪತ್ರ ಓದಿಸಲಿ, ಏಜೆಂಟನ ನೋಂದಣಿ ಪರೀಕ್ಷಿಸಲಿ. ವೀಸಾ ಮಾರುವವನನ್ನು ಸಮಿತಿಯ ಕುರ್ಚಿಯಿಂದ ಇಳಿಸಲಿ.

ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಅಲ್ಲಾಹನೇ ವಾದಿಯಾಗುವನೆಂದು ನಂಬಿದವರು ನಾವು. ಅಂದು ನಾವು ಯಾರ ಪಕ್ಕದಲ್ಲಿ ನಿಂತಿರುತ್ತೇವೆ?